'ಸ್ಟ್ಯಾಂಡ್ ಔಟ್': ಎದ್ದು ಕಾಣುವುದರ ಇಂಗ್ಲಿಷ್ ರೂಪ

ಇಂಗ್ಲಿಷಿನಲ್ಲಿರುವ ವಿಜ್ಞಾನ ಗ್ರಂಥಗಳನ್ನು ಓದತೊಡಗಿದ ವಿದ್ಯಾರ್ಥಿಗೆ ನಿಜವಾದ ತೊಡಕನ್ನು ತರುವವು ಉದ್ದುದ್ದನೆಯ ಪಾರಿಭಾಷಿಕ ಪದಗಳಲ್ಲ. ಅವುಗಳಿಗೆ ನಿಘಂಟಿನಲ್ಲಿ ಉತ್ತರ ದೊರೆಯುತ್ತದೆ. ತೊಡಕಿರುವುದು ಎಳವೆಯಲ್ಲಿಯೇ ಕಲಿತ ಚಿಕ್ಕ ಪದಗಳಲ್ಲಿ. 'ಸ್ಟ್ಯಾಂಡ್' ಎಂದರೆ ನಿಲ್ಲು, 'ಔಟ್' ಎಂದರೆ ಹೊರಗೆ. ಎರಡೂ ಕೂಡಿದಾಗಲೋ, ಉಳಿದವುಗಳಿಗಿಂತ ಭಿನ್ನವಾಗಿ ತೋರು ಎಂಬ ಹೊಸ ಅರ್ಥವೇ ಹುಟ್ಟುತ್ತದೆ. ನಮ್ಮ 'ಎದ್ದು ಕಾಣು' ಎಂಬುದೂ ಇದೇ ಬಗೆಯ ಜೋಡಣೆ. ಬಿಳಿಯ ಬಟ್ಟೆಯ ಮೇಲಿನ ಮಸಿಯ ಕಲೆ ಏಳದೆಯೇ ಎದ್ದು ಕಾಣುತ್ತದೆಯಷ್ಟೆ!

ಈ ಕ್ರಿಯಾಪದದ ಬಳಕೆಗೆ ಇಂಗ್ಲೆಂಡಿನ ಪೆಪ್ಪರ್ಡ್ ಮಾತ್ ಎಂಬ ಪತಂಗದ ಕಥೆಗಿಂತ ಉತ್ತಮವಾದ ಉದಾಹರಣೆ ನಮಗೆ ತೋರದು. ಅದರ ಸಾಮಾನ್ಯ ರೂಪ ಬಿಳಿಯ ಮೈಮೇಲೆ ಕರಿಯ ಚುಕ್ಕಿಗಳುಳ್ಳದ್ದು. ಕಲ್ಲುಹೂವು ಬೆಳೆದ ತೊಗಟೆಯ ಮೇಲೆ ಕುಳಿತರೆ ಗುರುತು ಸಿಗದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದರ ಕಪ್ಪು ರೂಪವೊಂದು ದೊರೆಯಿತು. ಕಾರ್ಖಾನೆಗಳ ಮಸಿಯಿಂದ ಮರಗಳು ಕಪ್ಪಾದಂತೆ ಬಿಳಿಯ ಪತಂಗವು ಹಕ್ಕಿಗಳ ಕಣ್ಣಿಗೆ ಸುಲಭವಾಗಿ ಬಿದ್ದು ಆಹಾರವಾಯಿತು. ಕಪ್ಪು ಪತಂಗದ ಸಂತತಿ ಬೆಳೆಯಿತು. 1956ರ ಶುದ್ಧವಾಯು ಶಾಸನದ ತರುವಾಯ ಹೊಗೆ ತಗ್ಗಿದಾಗ ಈ ಕ್ರಮ ತಿರುಗುಮುರುಗಾಯಿತು.

ಇದನ್ನು ಇಂಗ್ಲಿಷಿನಲ್ಲಿ 'ದಿ ಪೇಲ್ ಮಾತ್ ಸ್ಟುಡ್ ಔಟ್ ಅಗೇನ್‌ಸ್ಟ್ ದಿ ಡಾರ್ಕ್ ಬಾರ್ಕ್' ಎನ್ನಬಹುದು. ಇಲ್ಲಿ 'ಅಗೇನ್‌ಸ್ಟ್' ಎಂಬುದಕ್ಕೆ ವಿರೋಧದ ಅರ್ಥವಿಲ್ಲ. ಅದು ಹಿನ್ನೆಲೆಯನ್ನು ಸೂಚಿಸುತ್ತದೆ. 'ಪತಂಗವು ತೊಗಟೆಯ ವಿರುದ್ಧ ಹೊರಗೆ ನಿಂತಿತು' ಎಂದು ಅನುವಾದಿಸುವವರು ಪತಂಗವನ್ನು ಚುನಾವಣೆಗೇ ನಿಲ್ಲಿಸಿಯಾರು! ಗುಂಪಿನಿಂದ ಭಿನ್ನವೆನ್ನುವಾಗ 'ಫ್ರಮ್' ಬರುತ್ತದೆ, 'ದ್ಯಾನ್' ಸಲ್ಲದು. ಇದು ಅಕರ್ಮಕ ಕ್ರಿಯಾಪದವಾದುದರಿಂದ ಕರ್ಮಣಿ ಪ್ರಯೋಗವೂ ಇಲ್ಲ, ನಡುವೆ ಕರ್ಮಪದವನ್ನು ತೂರಿಸುವಂತೆಯೂ ಇಲ್ಲ.

ಪತಂಗದ ಪಾಲಿಗೆ ಎದ್ದು ಕಾಣುವುದು ಸಾವು. ಆದುದರಿಂದ ಈ ಪದ ಯಾವಾಗಲೂ ಹೊಗಳಿಕೆಯೆಂದು ಭಾವಿಸಲಾಗದು. ಆದರೂ 'ಸ್ಟಿಕ್ ಔಟ್' ಎಂಬ ಅದರ ನೆಂಟನಲ್ಲಿರುವಷ್ಟು ಅಸಹಜತೆಯ ಛಾಯೆ ಇದರಲ್ಲಿಲ್ಲ.

ಭಿನ್ನವಾದದ್ದು ಕಣ್ಣಿಗಷ್ಟೇ ಅಲ್ಲ, ನೆನಪಿಗೂ ನಿಲುಕುತ್ತದೆ. ಸಜಾತೀಯ ಅಂಶಗಳ ಪಟ್ಟಿಯಲ್ಲಿ ಒಂದು ಮಾತ್ರ ಬೇರೆ ಜಾತಿಯದಾಗಿದ್ದರೆ ಅದು ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞೆ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲಿ ತೋರಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಪುಟವಿಡೀ ಕೆಂಪು ಗೆರೆ ಎಳೆಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು: ಎಲ್ಲವೂ ಕೆಂಪಾದ ಮೇಲೆ ಯಾವ ಸಾಲೂ 'ಸ್ಟ್ಯಾಂಡ್ ಔಟ್' ಆಗದು.

ಇವೇ ಎರಡು ಪದಗಳು ಹಿಂದುಮುಂದಾಗಿ ಕೂಡಿದ 'ಔಟ್‌ಸ್ಟ್ಯಾಂಡಿಂಗ್' ಎಂಬ ವಿಶೇಷಣವೂ ಇದೆ. ಪ್ರಾಧ್ಯಾಪಕರು ನಿಮ್ಮ ಉತ್ತರಪತ್ರಿಕೆಯ ಮೇಲೆ ಹಾಗೆ ಬರೆದರೆ ಅದು ಅತ್ಯುತ್ತಮವೆಂದರ್ಥ; ಬ್ಯಾಂಕಿನವರು ಬರೆದರೆ ತೀರಿಸದೆ ಉಳಿದ ಬಾಕಿ ಎಂದರ್ಥ.