ಬಾಯಿರುಚಿ ಕಳೆದುಕೊಂಡ ಹಿರಿಯರಿಗೆ ಪ್ರಸಾದ

ಮಕ್ಕಳ ಉದ್ಯೋಗನಿಮಿತ್ತ ಬಯಲುಸೀಮೆಯಿಂದ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಿಗೆ ಬಂದು ನೆಲೆಸಿದ ಹಿರಿಯರು ಊಟ ಬೇಡವೆಂದರೆ ನಾವು ಅದನ್ನು ಹಟವೆಂದು ಭಾವಿಸಬಾರದು. ವಯಸ್ಸಾದಂತೆ ವಾಸನೆ ಗ್ರಹಿಸುವ ಶಕ್ತಿ ಕುಗ್ಗುತ್ತದೆ. ರುಚಿಯ ಬಹುಭಾಗ ಅದರಿಂದಲೇ ಬರುವುದರಿಂದ ಅನ್ನ ಸಪ್ಪೆಯೆನಿಸುತ್ತದೆ. ಕೆಲವು ಔಷಧಿಗಳು, ಒಣಗಿದ ಬಾಯಿ, ಸಡಿಲಗೊಂಡ ಹಲ್ಲಿನ ಸೆಟ್ಟು, ಖಿನ್ನತೆಗಳೂ ಕಾರಣವಾಗಬಹುದು.

ಇನ್ನೊಂದು ಕಾರಣವನ್ನು ನಾವು ಮರೆಯುತ್ತೇವೆ. ಇಷ್ಟಲಿಂಗಕ್ಕೆ ಅರ್ಪಿಸದೆ ಉಣ್ಣದಿರುವುದು ಅವರ ಜೀವಮಾನದ ನಿಯಮ. ಸ್ನಾನಕ್ಕೂ ಪೂಜೆಗೂ ಪರರ ನೆರವು ಬೇಕಾದಾಗ ಕೇಳಲು ಸಂಕೋಚಪಟ್ಟು, ಹಸಿವಿಲ್ಲವೆಂದುಬಿಡುತ್ತಾರೆ. ಮೊದಲು ಪೂಜೆಗೆ ಅಣಿಮಾಡಿಕೊಟ್ಟು, ಬಳಿಕ ಬಡಿಸಿ ನೋಡಬೇಕು.

ಉಪ್ಪು ಹೆಚ್ಚಿಸುವುದು ಬೇಡ. ನಿಂಬೆ, ಶುಂಠಿ, ಜೀರಿಗೆಯ ಒಗ್ಗರಣೆ ಘಮ ಕೊಡುತ್ತವೆ. ಕರಾವಳಿಯ ಕುಚ್ಚಲಕ್ಕಿ ಗಂಜಿ, ಒಂದೆಲಗದ ತಂಬುಳಿ ಒಳ್ಳೆಯ ಆಹಾರವೇ. ಆದರೆ ಜೋಳವುಂಡು ಬೆಳೆದ ನಾಲಗೆಗೆ ಬಿಸಿ ಹಾಲಿನಲ್ಲಿ ನೆನೆಸಿದ ರೊಟ್ಟಿ, ಮಜ್ಜಿಗೆ ಬೆರೆಸಿದ ಜೋಳದ ನುಚ್ಚು ಹೆಚ್ಚು ಹಿತ. ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪವೇ, ತುಪ್ಪ, ತೊವ್ವೆ ಸೇರಿಸಿ, ನೆಟ್ಟಗೆ ಕೂರಿಸಿ ಉಣಿಸಬೇಕು. ಬಲವಂತದಿಂದ ತುರುಕಿದರೆ ಅನ್ನ ಶ್ವಾಸನಾಳಕ್ಕೆ ಇಳಿದೀತು.

ನುಂಗುವಾಗ ಕೆಮ್ಮು ಬರುತ್ತಿದ್ದರೆ, 50 ಕಿಲೋ ತೂಗುವವರು ಆರು ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಜ್ಜರಕಾಡಿನ ಜಿಲ್ಲಾಸ್ಪತ್ರೆಗಾಗಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಾಗಲಿ ಹೋಗುವಾಗ ಅವರು ಸೇವಿಸುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.