ರಾತ್ರಿಯ ರಂಗಭೂಮಿ ಮತ್ತು ನಟಿಯರ ಆರೋಗ್ಯ

ವಿಜಯಪುರದ ಸ್ಟೇಷನ್ ರಸ್ತೆಯ ಸಮೀಪದಲ್ಲಿರುವ ಗೋಳಗುಮ್ಮಟವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅಲ್ಲಿನ ಗುಮ್ಮಟದ ಒಳಸುತ್ತಿನಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು, ಸುಮಾರು 38 ಮೀಟರ್ ಆಚೆ ಎದುರು ಬದಿಯಲ್ಲಿ ನಿಂತವರಿಗೆ ಕೇಳಿಸುತ್ತದೆ. ಬಾಗಿದ ಗೋಡೆಯು ಶಬ್ದತರಂಗಗಳನ್ನು ಚದುರಗೊಡದೆ ತನ್ನ ಮೈಯುದ್ದಕ್ಕೂ ಸಾಗಿಸುವುದೇ ಇದಕ್ಕೆ ಕಾರಣ. ಇದೇ ಸೀಮೆಯ ಜಾತ್ರೆಗಳಲ್ಲಿ ಡೇರೆ ಹಾಕುವ ವೃತ್ತಿ ನಾಟಕ ಕಂಪನಿಯ ನಟಿಗಾದರೋ ಇಂತಹ ಗೋಡೆಯ ನೆರವಿಲ್ಲ. ಆಕೆಯ ದನಿಯ ಬಹುಭಾಗ ಬಯಲಿನ ಪಾಲಾಗುತ್ತದೆ.

ಬನದ ಹುಣ್ಣಿಮೆಯ ವೇಳೆಗೆ ನಡೆಯುವ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಬೀಡುಬಿಟ್ಟು, ಒಂದೇ ರಾತ್ರಿ ಒಂದಕ್ಕಿಂತ ಹೆಚ್ಚು ಪ್ರಯೋಗಗಳನ್ನು ನಡೆಸುವುದುಂಟು. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಸ್ಥಾಪಿಸಿ, ಕಂಸ-ರಾವಣರ ಪಾತ್ರಗಳನ್ನೂ ಹೆಂಗಸರೇ ವಹಿಸಬಲ್ಲರೆಂದು ತೋರಿಸಿದರು. ನಟಿಯರ ಕಲೆಯನ್ನು ಮೆಚ್ಚುವ ನಾವು, ಆ ಕಲೆಗಾಗಿ ಅವರ ದೇಹ ತೆರುವ ಬೆಲೆಯನ್ನು ಗಮನಿಸುವುದು ವಿರಳ. ಅದನ್ನು ವಿಜ್ಞಾನದ ದೃಷ್ಟಿಯಿಂದ ಇಲ್ಲಿ ಪರಿಶೀಲಿಸೋಣ.

ಮೊದಲು ಕಂಠದ ವಿಚಾರ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಮೃದುವಾದ ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಬರುವ ಗಾಳಿಯ ಒತ್ತಡಕ್ಕೆ ಅವು ತೆರೆದು ಮುಚ್ಚುವುದರಿಂದ ದನಿ ಹುಟ್ಟುತ್ತದೆ. ಸ್ತ್ರೀಯರ ಸಾಮಾನ್ಯ ಮಾತಿನಲ್ಲಿ ಈ ಕ್ರಿಯೆ ಸೆಕೆಂಡಿಗೆ ಸುಮಾರು 200 ಬಾರಿ ನಡೆಯುತ್ತದೆ. ಒಂದು ರಾತ್ರಿಯಲ್ಲಿ ನಟಿಯ ದನಿ ಒಟ್ಟು ಒಂದು ಗಂಟೆ ಹೊರಟಿತೆಂದಿಟ್ಟುಕೊಂಡರೂ, ತಂತುಗಳು 7,20,000 ಬಾರಿ ಪರಸ್ಪರ ತಾಕಿದಂತಾಯಿತು. ಗದ್ದಲದಲ್ಲಿ ಮಾತನಾಡುವವರು ತಮಗರಿಯದೆಯೇ ದನಿಯೇರಿಸುತ್ತಾರೆ. ಇದಕ್ಕೆ ಲೊಂಬಾರ್ ಪರಿಣಾಮವೆಂದು ಹೆಸರು. ದನಿಯೇರಿದಂತೆ ತಾಕುವಿಕೆಯ ಬಿರುಸೂ ಏರುವುದು. ವಿಶ್ರಾಂತಿಯಿಲ್ಲದೆ ಇದು ದೀರ್ಘಕಾಲ ಮುಂದುವರಿದರೆ ತಂತುಗಳ ಅಂಚಿನಲ್ಲಿ ಚಿಕ್ಕ ಗಂಟುಗಳು ಬೆಳೆದು ದನಿ ಒಡೆಯಬಹುದು. ಆಗ ನಟಿಯ ಸ್ಥಿತಿ ಕೈ ಮುರಿದ ನೇಕಾರನ ಸ್ಥಿತಿಯಂತಾಗುವುದು.

ಧ್ವನಿತಂತುಗಳು ಸರಾಗವಾಗಿ ಕಂಪಿಸಬೇಕಾದರೆ ಅವುಗಳ ಮೇಲ್ಮೈ ತೇವವಾಗಿರಬೇಕು. ಅದಕ್ಕೆ ಸಾಕಷ್ಟು ನೀರು ಕುಡಿಯಬೇಕು. ಆದರೆ ಡೇರೆಯ ಬಳಿ ಹೆಂಗಸರಿಗೆ ಶೌಚಾಲಯವಿಲ್ಲದಿದ್ದಲ್ಲಿ ನಟಿಯು ನೀರು ಕುಡಿಯುವುದನ್ನೇ ಕಡಿಮೆ ಮಾಡುವಳು. ಇದರಿಂದ ಗಂಟಲು ಒಣಗುವುದಲ್ಲದೆ ಮೂತ್ರನಾಳದ ಸೋಂಕಿಗೂ ದಾರಿಯಾಗುತ್ತದೆ. ಶೌಚಾಲಯಕ್ಕೂ ಸಂಗೀತಕ್ಕೂ ಇಷ್ಟು ನಿಕಟ ಸಂಬಂಧವುಂಟು!

ಇನ್ನು ಕಿವಿ. ಶಬ್ದದ ಮಟ್ಟ 3 ಡೆಸಿಬಲ್ ಏರಿದರೆ ಅದರ ತೀವ್ರತೆ ಇಮ್ಮಡಿಯಾಗುತ್ತದೆ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂಬುದು ಪ್ರಚಲಿತವಾದ ಒಂದು ಸುರಕ್ಷಾ ಸೂತ್ರ. ಅದರಂತೆ 88 ಡೆಸಿಬಲ್‌ಗೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೆ ಮುಂದುವರಿದರೆ 100ಕ್ಕೆ ಕೇವಲ 15 ನಿಮಿಷ. ಮಿತಿಮೀರಿದ ಶಬ್ದದಿಂದ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾದರೆ ಅವು ಮತ್ತೆ ಹುಟ್ಟವು. ಧ್ವನಿವರ್ಧಕದಿಂದ 1 ಮೀಟರ್ ದೂರದಲ್ಲಿ 100 ಡೆಸಿಬಲ್ ಶಬ್ದವಿದೆಯೆನ್ನಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಮಟ್ಟ ಸುಮಾರು 6 ಡೆಸಿಬಲ್ ಇಳಿಯುವುದರಿಂದ, 4 ಮೀಟರ್ ದೂರದಲ್ಲಿ ಅದು 88 ಆಗುತ್ತದೆ. 15 ನಿಮಿಷದ ಮಿತಿ 4 ಗಂಟೆಗೆ ಏರುತ್ತದೆ. ಗೋಡೆ, ತಗಡುಗಳಿದ್ದೆಡೆ ಲಾಭ ತುಸು ಕಡಿಮೆಯಾದೀತು. ಆದರೂ ಧ್ವನಿವರ್ಧಕವನ್ನು ಕೆಲವು ಹೆಜ್ಜೆ ದೂರ ಸರಿಸಲು ಖರ್ಚೇನೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳನ್ನು ನಿರ್ಬಂಧಿಸಿ, ಹಬ್ಬಹರಿದಿನಗಳಿಗೆ ಮಿತವಾದ ವಿನಾಯಿತಿಯನ್ನು ಕೊಟ್ಟಿವೆ. ಅವು ಮುಖ್ಯವಾಗಿ ನೆರೆಹೊರೆಯ ನಿದ್ರೆಯನ್ನು ಕಾಯುತ್ತವೆ. ಧ್ವನಿವರ್ಧಕದ ಪಕ್ಕದಲ್ಲೇ ಹಾಡುವವಳ ಕಿವಿಯನ್ನು ಕಾಯುವ ಹೊಣೆ ಸಂಘಟಕರದು.

ಕೊನೆಯದಾಗಿ ನಿದ್ರೆ. ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಪ್ರಖರವಾದ ಬೆಳಕು ಅದನ್ನು ತಡೆಯುತ್ತದೆ. ರಂಗದ ದೀಪಗಳ ಕೆಳಗೆ ರಾತ್ರಿ ಕಳೆದು ಹಗಲಿನ ಗದ್ದಲದಲ್ಲಿ ಮಲಗುವವರಿಗೆ ದೇಹದ ಗಡಿಯಾರ ತಪ್ಪುತ್ತದೆ. ರಾತ್ರಿಪಾಳಿಗೂ ಋತುಚಕ್ರದ ಏರುಪೇರಿಗೂ ಸಂಬಂಧವಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತು. ಮನುಷ್ಯರಲ್ಲಿ ದೊರೆತಿರುವ ಸಾಕ್ಷ್ಯ ಪರಿಮಿತವಾದುದೆಂಬುದನ್ನೂ ಇಲ್ಲಿ ನೆನಪಿಡಬೇಕು.

ಹಾಗಾದರೆ ಹೆಂಗಸರು ರಾತ್ರಿಯ ಕಲಾಪ್ರದರ್ಶನವನ್ನೇ ಬಿಡಬೇಕೆ? ಮಹಾರಾಷ್ಟ್ರದ ಆರ್ಕೆಸ್ಟ್ರಾ ಬಾರುಗಳಲ್ಲಿ ಕಲಾವಿದೆಯರ ಸಂಖ್ಯೆಯನ್ನು ಮಿತಿಗೊಳಿಸಿದ್ದ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ರದ್ದುಗೊಳಿಸಿತು. ಅಪಾಯದ ಹೆಸರಿನಲ್ಲಿ ದುಡಿಯುವವಳನ್ನೇ ಹೊರಗಿಟ್ಟರೆ ಅವಳ ಅನ್ನ ಹೋಗುತ್ತದೆ. ಅಪಾಯ ಮುಂದೆ ಬರುವವರಿಗಾಗಿ ಅಲ್ಲಿಯೇ ಕಾದಿರುತ್ತದೆ. ಬದಲಾಗಬೇಕಾದುದು ಕೆಲಸದ ಸ್ಥಳ. ಕುಡಿಯುವ ನೀರು, ಬೀಗವಿರುವ ಶೌಚಾಲಯ, ದೂರ ಸರಿಸಿದ ಧ್ವನಿವರ್ಧಕ, ಹಗಲು ಮಲಗಲು ಕತ್ತಲಾದ ಕೋಣೆ, ದನಿ ಒಡೆದ ದಿನ ಕೂಲಿ ಕಡಿತವಿಲ್ಲದ ರಜೆ: ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಮುಂದಿನ ಜಾತ್ರೆಯಲ್ಲಿ ನಾಟಕ ನೋಡಲು ಹೋದಾಗ, ಪರದೆಯ ಹಿಂದೆ ಇವು ಇವೆಯೇ ಎಂದು ನಾವು ವಿಚಾರಿಸಬಹುದು. ಟಿಕೀಟು ಕೊಳ್ಳುವ ಪ್ರೇಕ್ಷಕರ ಪ್ರಶ್ನೆಗೆ ಬೆಲೆಯುಂಟು.