ಹತ್ತು, ಒಂಬತ್ತು, ಎಂಟು

1098 ಎಂಬ ಸಂಖ್ಯೆ ಶಾಲೆಯ ಗೋಡೆಯ ಮೇಲಿದೆ, ರೈಲು ನಿಲ್ದಾಣದ ಫಲಕದಲ್ಲಿದೆ. ಕಣ್ಣಿಗೆ ರೂಢಿಯಾಗಿ ಹೋಗಿರುವುದರಿಂದ ಅದರ ಹಿಂದೆ ಏನಿದೆ ಎಂದು ಕೇಳುವವರು ಕಡಿಮೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ 1996ರಲ್ಲಿ ಬೀದಿ ಮಕ್ಕಳಿಗಾಗಿ ಶುರುಮಾಡಿದ ಸಹಾಯವಾಣಿ ಇದು. 2023ರಿಂದ ‘ಮಿಷನ್ ವಾತ್ಸಲ್ಯ’ ಯೋಜನೆಯಡಿ ಸರ್ಕಾರವೇ ನಡೆಸುತ್ತಿದೆ. ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಕರೆ ಬರಬೇಕಾದರೆ ಮಗು ಬಾಯಿಬಿಡಬೇಕು. ಕಷ್ಟ ಇರುವುದೇ ಅಲ್ಲಿ.

ಮಕ್ಕಳನ್ನು ಪುಸಲಾಯಿಸುವವರು ಯಾರೂ ಮೊದಲ ದಿನವೇ ಮೈಮುಟ್ಟುವುದಿಲ್ಲ. ಮನೆಯಲ್ಲಿ ಮಾತಿಗೆ ಯಾರೂ ಸಿಗದ ಮಗುವನ್ನು ಗುರುತಿಸುತ್ತಾರೆ. ಅದರ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆ, ಹೊಗಳುತ್ತಾರೆ, ಮೊಬೈಲ್‌ಗೆ ರೀಚಾರ್ಜ್ ಮಾಡಿಸುತ್ತಾರೆ. ಆಮೇಲೆ ‘ಇದು ನಮ್ಮಿಬ್ಬರಲ್ಲೇ ಇರಲಿ, ಅಮ್ಮನಿಗೆ ಹೇಳಬೇಡ’ ಎಂಬ ಮಾತು ಬರುತ್ತದೆ. ಮುಂದೊಂದು ದಿನ ಒಂದು ಫೋಟೊ ಕೇಳುತ್ತಾರೆ. ಕಳಿಸಿದ ಫೋಟೊವನ್ನೇ ಮುಂದಿಟ್ಟು ಹೆದರಿಸುತ್ತಾರೆ. ಉಡುಗೊರೆ ತೆಗೆದುಕೊಂಡವಳು ನಾನೇ, ಫೋಟೊ ಕಳಿಸಿದವಳೂ ನಾನೇ, ತಪ್ಪು ನನ್ನದೇ ಎಂದು ಮಗು ನಂಬಿಬಿಡುತ್ತದೆ. ಇಂಥ ಬೆನ್ನುಹತ್ತುವಿಕೆಯೂ ಆಮಿಷವೂ ಅಪರಾಧವೇ. 2012ರ ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್ ಇವನ್ನು ಹೆಸರಿಸಿಯೇ ಹೇಳುತ್ತದೆ.

ಇಂಥ ಸುದ್ದಿ ಹೊರಬಿದ್ದ ಕೂಡಲೇ ಆರೋಪಿ ಯಾವ ಜಾತಿ, ಯಾವ ಧರ್ಮ ಎಂದು ಹುಡುಕುವ ಚಟ ನಮ್ಮಲ್ಲಿ ಬೆಳೆದಿದೆ. ಇದರಿಂದ ಮಕ್ಕಳಿಗೆ ಆಗುವ ಹಾನಿ ದೊಡ್ಡದು. ‘ಅವರ’ ಓಣಿಯ ಕಡೆ ಕಣ್ಣಿಟ್ಟು ಕುಳಿತವರಿಗೆ ತಮ್ಮ ಮನೆಗೆ ದಿನವೂ ಬಂದುಹೋಗುವವರು ಕಾಣುವುದಿಲ್ಲ. ಪೋಕ್ಸೊ ಅಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರ್ಷವರ್ಷವೂ ಹೇಳುತ್ತಿದೆ: ನೆಂಟರು, ನೆರೆಯವರು, ಸ್ನೇಹಿತರಾಗಿ ಬಂದವರು. ಗಂಡುಮಕ್ಕಳಿಗೇನೂ ಆಗದು ಎಂಬುದೂ ಸುಳ್ಳು. ಕೇಂದ್ರ ಸರ್ಕಾರ 2007ರಲ್ಲಿ 13 ರಾಜ್ಯಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ ಮಕ್ಕಳು ಶೇ 53. ಅವರಲ್ಲಿ ಅರ್ಧಕ್ಕೂ ಹೆಚ್ಚು ಹುಡುಗರು.

ಠಾಣೆ ಎಂದರೆ ಮರ್ಯಾದೆ ಹೋಯಿತು ಎಂದು ಹೆದರುವ ತಂದೆತಾಯಿಗೆ ಕರೆಯ ನಂತರ ಏನಾಗುತ್ತದೆ ಎಂಬುದು ತಿಳಿದಿರಬೇಕು. ಮಗು ಇರುವಲ್ಲಿಗೇ ಪೊಲೀಸರು ಬಂದು ಹೇಳಿಕೆ ಪಡೆಯಬೇಕು. ಸಾಧ್ಯವಾದಷ್ಟೂ ಬರುವವರು ಮಹಿಳಾ ಎಸ್‌ಐ ಆಗಿರಬೇಕು, ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯಾದರೆ ವೈದ್ಯಕೀಯ ಪರೀಕ್ಷೆ ಮಾಡಬೇಕಾದವರು ವೈದ್ಯೆಯೇ. ಹೆಸರು, ಊರು, ಶಾಲೆ, ಯಾವುದನ್ನೂ ಪತ್ರಿಕೆಯವರು ಪ್ರಕಟಿಸುವಂತಿಲ್ಲ. 24 ಗಂಟೆಯೊಳಗೆ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಲುಪಬೇಕು. ತನಿಖೆ, ವಿಚಾರಣೆ ಮುಗಿಯುವವರೆಗೂ ಮಗುವಿನ ಜೊತೆಗಿರಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು. ಈ ಕೊನೆಯ ಏರ್ಪಾಡು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು. ಪ್ರಕರಣ ವರ್ಷಗಟ್ಟಲೆ ಎಳೆದಾಡುವಾಗ ಕೋರ್ಟಿನ ಕಾರಿಡಾರಿನಲ್ಲಿ ಮಗು ಒಂಟಿಯಾಗಬಾರದು.

ಕರೆ ಮಾಡಲು ಮಗುವೇ ಆಗಬೇಕಿಲ್ಲ. ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಪಕ್ಕದ ಮನೆಯವರು, ಯಾರು ಬೇಕಾದರೂ ಮಾಡಬಹುದು. ಅನುಮಾನ ಸಾಕು, ಸಾಕ್ಷ್ಯ ಒದಗಿಸುವ ಹೊಣೆ ಕರೆ ಮಾಡಿದವರದಲ್ಲ. ಗೊತ್ತಿದ್ದೂ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಅದು ಮಠವಾಗಲಿ, ಮದರಸಾ ಆಗಲಿ, ಕಾನ್ವೆಂಟ್ ಆಗಲಿ, ಕ್ರಿಕೆಟ್ ಕೋಚಿಂಗ್ ಆಗಲಿ.